ಒಡೆಸ್ಸಕ್ಕನ ಹರಕೆಯ ಹಾಡು

ನವೆಂಬರ್ ತಿಂಗಳ ಕೊನೆ, ಮಧ್ಯಾಹ್ನ ಮೂರು ಗಂಟೆ. ವೆಸ್ಟೆರಾಸ್‌ನಲ್ಲಿ ಆ ಹೊತ್ತಿಗೆಲ್ಲ ದೀಪ ಹಚ್ಚಿರಬೇಕು. ಕಸದ ಚೀಲ ಹಿಡಿದು ಹೊರಗೆ ಬಂದೆ, ಬಾಗಿಲು ಹಿಂದಿನಿಂದ ತಾನೇ ಹಾಕಿಕೊಂಡಿತು. ಕೀಲಿಕೈ ಒಳಗೆ, ಫೋನೂ ಒಳಗೆ. ಕಾಲಿಗೆ ಚಪ್ಪಲಿಯೂ ಇರಲಿಲ್ಲ. ಮಗಳು ಸಬ್ರೀನ್ ವಿದ್ಯುತ್ ಯಂತ್ರ ಮಾಡುವ ಕಂಪನಿಯಲ್ಲಿ ಇಂಜಿನಿಯರ್, ಅಳಿಯ ಮಾಜಿದ್ ದಿನಾ ರೈಲಿನಲ್ಲಿ ಸ್ಟಾಕ್‌ಹೋಮಿಗೆ ಹೋಗಿ ಬರುವವನು. ಇಬ್ಬರೂ ಬರುವುದು ಸಂಜೆಗೆ. ಮೆಟ್ಟಿಲ ಮೇಲೆ ಕುಳಿತೆ. ಅಲ್ಲಿಯ ಮೆಟ್ಟಿಲ ದೀಪ ಒಂದಷ್ಟು ಹೊತ್ತು ಉರಿದು ತಾನಾಗಿ ಆರುತ್ತದೆ. ಆರಿತು. ಗುಂಡಿ ಎಲ್ಲಿದೆಯೆಂದು ಗೋಡೆ ತಡವಿದೆ, ಸಿಗಲಿಲ್ಲ.

"ಯಾರದು, ಕತ್ತಲದಾಗ ಉಸ್ಸು ಅನ್ನೋರು?" ಎಂದು ಮೇಲಿನ ಅಂತಸ್ತಿನಿಂದ ಹೆಣ್ಣು ದನಿ ಬಂತು.

"ನಾನ್ರಿ, ಖಾಸಿಂ. ಕೆಳಗಿನ ಮನಿಯವ."

"ಬಾಗಿಲಾ ಹಾಕ್ಕೊಂಡಿತೇನು?"

"ಹೌದ್ರಿ."

"ಹಂಗಾರ ಮ್ಯಾಲ ಬಾ. ನನ್ನ ಬಾಗಿಲಾ ತಗದ ಐತಿ. ಮೆಟ್ಟಲಾ ಇಳಿಯಾಕ ನನಗ ಆಗೂದಿಲ್ಲ ಅಷ್ಟ."

ಆಕೆ ಮಾತಾಡಿದ್ದು ಇಂಗ್ಲಿಷು. ನಾನು ಕಲಿತದ್ದು ಮೂರನೇ ಇಯತ್ತೆ. ಹರೆಯದಲ್ಲಿ ಗದಗಿನ ಕಡೆ ಒಂದು ಮಿಷನ್ ಆಸ್ಪತ್ರೆಗೆ ಗಾದಿ ತುಂಬಿಕೊಡುತ್ತಿದ್ದೆ. ಅಲ್ಲಿಯ ದೊರೆಸಾನಿ ಡಾಕ್ಟರರ ಬಾಯಿಂದ ಕಿವಿಗೆ ಬಿದ್ದಷ್ಟು ಇಂಗ್ಲಿಷು ಇನ್ನೂ ಉಳಿದಿದೆ. ಮಿಕ್ಕಿದ್ದಕ್ಕೆ ಕೈಸನ್ನೆ, ಆಮೇಲಾಮೇಲೆ ಸಬ್ರೀನಳ ಹಳೆಯ ಫೋನು. ಹಾಗಾಗಿ ಆಕೆಯ ಮಾತು ನನ್ನ ನೆನಪಿನಲ್ಲಿ ಕುಳಿತಿರುವುದು ನಮ್ಮ ಮಾತಿನಲ್ಲಿಯೇ. ಹಾಗೆಯೇ ಬರೆಯುತ್ತೇನೆ.

ಮೇಲೆ ಹೋದೆ. ಬಾಗಿಲ ಹೊರಗೆ, ಮೆಟ್ಟಿಲ ತುದಿಯಲ್ಲಿ, ಕುರ್ಚಿ ಹಾಕಿಕೊಂಡು ಎತ್ತರದ ಕರಿಯ ಮುದುಕಿಯೊಬ್ಬಳು ಕುಳಿತಿದ್ದಳು. ತಲೆಗೆ ಹಳದಿ ಬಟ್ಟೆ ಸುತ್ತಿಕೊಂಡಿದ್ದಳು, ಮೊಣಕಾಲ ಮೇಲೆ ಕಂಬಳಿ. ಶರತ್ಕಾಲದಲ್ಲಿ ಬಿದ್ದು ಸೊಂಟದ ಮೂಳೆ ಮುರಿದಿತ್ತಂತೆ. ಆ ಕಟ್ಟಡಕ್ಕೆ ಲಿಫ್ಟ್ ಇಲ್ಲ, ಆಕೆಯದು ಮೂರನೇ ಅಂತಸ್ತು. ಅಂದಿನಿಂದ ಆಕೆಯ ಊರು ಈ ಕುರ್ಚಿಯವರೆಗೆ ಮಾತ್ರ. ದಿನಾ ಮಧ್ಯಾಹ್ನ ಇಲ್ಲಿ ಕುಳಿತು ಯಾರು ಬಂದರು, ಯಾರು ಹೋದರು ಎಂದು ಕೇಳಿಸಿಕೊಳ್ಳುವುದು.

"ನಿನ್ನ ಹೆಜ್ಜಿ ನನಗ ಗೊತ್ತೈತಿ" ಎಂದಳು. "ಹೊಸದಾಗಿ ಬಂದ ಮುದುಕ. ಹೊರಗ ಹೋಗೂದ ಇಲ್ಲ."

"ಮಗಳು ಬಿಡೂದಿಲ್ರಿ. ಬರ್ಫಿನ ಮ್ಯಾಲ ಜಾರೀನಿ ಒಮ್ಮೆ."

"ಚಲೋ ಆತು ಬಿಡು. ನಾವಿಬ್ಬರೂ ಒಂದ ಜೇಲಿನವರು."

ಹೀಗೆ ಗುರುತಾಯಿತು. ನನ್ನ ಹೆಂಡತಿ ಖುರ್ಷಿದ್ ತೀರಿಕೊಂಡ ಮೇಲೆ ಸಬ್ರೀನ್ ನನ್ನನ್ನು ಕರೆತಂದಿದ್ದಳು. ಮೂರು ತಿಂಗಳಿಗೆಂದು ಬಂದವನಿಗೆ ಇನ್ನಷ್ಟು ದಿನ ಇರಲು ಅಪ್ಪಣೆ ಕೇಳಿ ಹಾಕಿದ್ದರು. ಉತ್ತರ ಬರುವ ತನಕ ದೇಶ ಬಿಡುವಂತಿಲ್ಲ ಎಂದು ಮಾಜಿದ್ ಹೇಳಿದ್ದ. ಮನೆ ಬೆಚ್ಚಗಿತ್ತು, ಊಟ ಚೆನ್ನಾಗಿತ್ತು. ಆದರೂ ಕಿಟಕಿಯ ಮೂರು ಪದರ ಗಾಜಿನ ಆಚೆ ಕಾಗೆ ಕೂಗಿದರೆ ಬಾಯಿ ತೆರೆದದ್ದು ಕಾಣುತ್ತಿತ್ತು, ಕೂಗು ಕೇಳುತ್ತಿರಲಿಲ್ಲ. ಅದಕ್ಕೇ ಮಧ್ಯಾಹ್ನವಾದರೆ ಮೇಲಕ್ಕೆ ಹತ್ತುವುದು ರೂಢಿಯಾಯಿತು.

ಆಕೆಯ ಹೆಸರು ಒಡೆಸ್ಸಾ ಕಾಲ್ವರ್ಟ್. ನಾನು ಒಡೆಸ್ಸಕ್ಕ ಅನ್ನುತ್ತಿದ್ದೆ. ಆಕೆ ದೊಡ್ಡ ಹಾಡುಗಾರ್ತಿಯೆಂದು ಸಬ್ರೀನ್ ಹೇಳಿದ್ದು ಆಮೇಲೆ. "ಅಪ್ಪಾ, ನೀ ಯಾರ ಮನಿಗೆ ಚಹಾ ಕುಡಿಯಾಕ ಹೋಗ್ತಿ ಗೊತ್ತಿದೆಯಾ? ಜಾಝ್ ಲೆಜೆಂಡ್ ಆಕೆ. ಇಲ್ಲಿ ಸ್ಕೂಲ್ ಮಕ್ಕಳಿಗೆ ಆಕೆಯ ಪಾಠ ಇದೆ. ಅಮೆರಿಕಾದಲ್ಲಿ ಕರಿಯರ ಹಕ್ಕಿಗೆ ಹೋರಾಟ ಮಾಡಿದೋಳು."

"ಆಕಿ ಏನೂ ಹೇಳಲಿಲ್ಲವ್ವಾ."

"ಏನು ಹೇಳಿದಳು ಮತ್ತೆ?"

"ಚಹಾಕ್ಕ ಸಕ್ಕರಿ ಕಮ್ಮಿ ಆತು ಅಂದ್ಳು."

ಆಕೆಯ ಮನೆಯಲ್ಲಿ ಒಂದು ವಿಚಿತ್ರ ಕಂಡೆ. ಎಲ್ಲ ಸಾಮಾನಿಗೂ ಸಣ್ಣ ಬಿಳಿ ಚೀಟಿ, ಚೀಟಿಯ ಮೇಲೆ ಅಂಕಿ. ಪಿಯಾನೋಕ್ಕೆ ಅಂಕಿ, ಗೋಡೆಯ ಪಟಗಳಿಗೆ ಅಂಕಿ, ನಾನು ಚಹಾ ಕುಡಿದ ಕಪ್ಪಿನ ತಳದಲ್ಲೂ ಅಂಕಿ. ಆಕೆಯ ಹಾಡನ್ನು ಮೆಚ್ಚಿದವರ ಒಂದು ಬಳಗ ಆ ಮನೆಯನ್ನು ಕೊಂಡು ಆಕೆಗೆ ಇರಲು ಬಿಟ್ಟಿತ್ತು. ಆಕೆ ತೀರಿದ ಮೇಲೆ ಅದು ವಸ್ತುಸಂಗ್ರಹಾಲಯವಾಗಬೇಕು. ಯಾವುದು ಎಲ್ಲಿತ್ತೋ ಅಲ್ಲೇ ಇರಬೇಕೆಂದು ಫೋಟೋ ತೆಗೆದಿಟ್ಟಿದ್ದರು. ಬಳಗದ ಮುಖ್ಯಸ್ಥ ಲೆನ್ನಾರ್ಟ್, ಎಪ್ಪತ್ತು ದಾಟಿದ ತೆಳ್ಳನೆಯ ಮನುಷ್ಯ. ವಾರಕ್ಕೊಮ್ಮೆ ದಾಲ್ಚಿನ್ನಿ ಬನ್ನು ತಂದು ಆಕೆಯ ಜೊತೆ ಫೀಕಾ ಮಾಡಿ, ಎಂದರೆ ಕಾಫಿ ಕುಡಿದು, ಹೋಗುತ್ತಿದ್ದ. ಒಳ್ಳೆಯ ಮನುಷ್ಯ. ಆಕೆಯ ಔಷಧಿ ತರುವವನೂ ಅವನೇ.

ಆಕೆ ಕೂರುವ ಸೋಫಾದ ಮೆತ್ತೆ ಕುಸಿದು ಹಳ್ಳವಾಗಿತ್ತು. ಬಿಚ್ಚಿ ಹೊಸದಾಗಿ ತುಂಬಿಕೊಡುತ್ತೇನೆ ಎಂದೆ. ಲೆನ್ನಾರ್ಟ್ ನಕ್ಕು, ನನ್ನ ಹೆಗಲು ಮುಟ್ಟಿ, ಆ ಹಳ್ಳ ಆಕೆ ಅರವತ್ತು ವರ್ಷ ಕುಳಿತದ್ದರ ಗುರುತು, ಅದನ್ನು ಮುಟ್ಟುವಂತಿಲ್ಲ ಎಂದ.

ಅವನು ಹೋದ ಮೇಲೆ ಒಡೆಸ್ಸಕ್ಕ, "ನೋಡಿದಿ? ನನ್ನ ಕುಂಡಿಗೂ ನಂಬರ್ ಹಚ್ಯಾರ" ಎಂದಳು.

ಚಳಿಗಾಲ ಕಳೆಯುತ್ತ ಆಕೆಯ ಬಾಳು ತುಂಡುತುಂಡಾಗಿ ನನ್ನ ಕಿವಿಗೆ ಬಿತ್ತು.

ಅಮೆರಿಕಾದ ದಕ್ಷಿಣ ಸೀಮೆಯಲ್ಲಿ ಹತ್ತಿ ಬೆಳೆಯುವ ಒಂದು ಸಣ್ಣ ಊರು ಆಕೆಯದು. ಹತ್ತಿ ಅಂದಾಗ ನನಗೆ ಊರು ನೆನಪಾಯಿತು. ಹತ್ತಿ ಬಿಡಿಸುವ ಕೈ ಹೇಗೆ ಸೀಳುತ್ತದೆಂದು ಆಕೆ ತೋರಿಸಿದಳು, ಬಿಲ್ಲಿನಿಂದ ಹತ್ತಿ ಹಿಂಜುವುದು ಹೇಗೆಂದು ನಾನು ತೋರಿಸಿದೆ. ಆ ಊರಲ್ಲಿ ಬಿಳಿಯರ ಕುಡಿಯುವ ನೀರು ಬೇರೆ, ಕರಿಯರದು ಬೇರೆ. ನಮ್ಮಲ್ಲಿಯೂ ಹಾಗೇ ಇತ್ತು ಎಂದೆ, ಬಾವಿ ಬೇರೆ, ಚಹಾದ ಅಂಗಡಿಯಲ್ಲಿ ಕಪ್ಪು ಬಸಿ ಬೇರೆ. ಆಕೆ ಸುಮ್ಮನೆ ತಲೆ ಆಡಿಸಿದಳು. ಚರ್ಚಿನಲ್ಲಿ ಹಾಡು ಕಲಿತು, ದೊಡ್ಡ ಪಟ್ಟಣದ ಕ್ಲಬ್ಬುಗಳಲ್ಲಿ ಜಾಝ್ ಹಾಡಿ ಹೆಸರು ಮಾಡಿದಳು. ಹಾಡು ತಾನೇ ಕಟ್ಟುತ್ತಿದ್ದಳು, ರಾಗವೂ ಆಕೆಯದೇ. ರಜೆಗೆ ಊರಿಗೆ ಬಂದರೆ ಮುದುಕರಿಗೆ ಅಕ್ಷರ ಕಲಿಸುತ್ತಿದ್ದಳು, ಕಾನೂನಿನ ಸಾಲು ಓದಿ ತೋರಿಸದಿದ್ದರೆ ಅವರಿಗೆ ಅಲ್ಲಿ ವೋಟು ಕೊಡುತ್ತಿರಲಿಲ್ಲವಂತೆ. ಮೆರವಣಿಗೆಯಲ್ಲಿ ಲಾರಿಯ ಮೇಲೆ ನಿಂತು ಹಾಡಿಸುತ್ತಿದ್ದಳು.

ತಮ್ಮ ವಿಲ್ಬರ್ಟ್. ಹತ್ತೊಂಬತ್ತು ವರ್ಷ. ಊರ ಗ್ರಂಥಾಲಯಕ್ಕೆ ಕರಿಯರಿಗೆ ಪ್ರವೇಶವಿರಲಿಲ್ಲ. ಅವನು ಇನ್ನಿಬ್ಬರ ಜೊತೆ ಒಳಗೆ ಹೋಗಿ, ಪುಸ್ತಕ ತೆರೆದು, ಏಳದೆ ಕುಳಿತ. ಹಿಡಿದು ಠಾಣೆಗೆ ಒಯ್ದರು. ಮೂರನೇ ದಿನ ಹೆಣ ಬಂತು. ಪೇಪರಿನಲ್ಲಿ ಬಂದದ್ದು ಒಂದೇ ಸಾಲು: ಒಬ್ಬ ಕರಿಯ ಹುಡುಗ ಠಾಣೆಯಲ್ಲಿ ಸತ್ತ. ಹೆಸರು ಹಾಕಿರಲಿಲ್ಲ.

ಆ ವಾರವೇ ಆಕೆ ಆ ಹಾಡು ಕಟ್ಟಿದ್ದು. ಅವನ ಹೆಸರು ನೀವು ಹೇಳುವ ತನಕ ನಿಮ್ಮ ಊರ ಅಗಸಿ ಬಾಗಿಲಿಗೆ ನಾನು ಬರೋದಿಲ್ಲ, ಅಡುಗೆ ಮಾಡಿಟ್ಟು ಕಾಯಬೇಡ ಅವ್ವಾ, ನಾನು ಬರೋದಿಲ್ಲ. ಹೀಗೆ ಸಾಗುತ್ತದೆ. ಪ್ರತಿ ನುಡಿಯ ಕೊನೆಗೆ "ನಾ ಬರೋದಿಲ್ಲ" ಎಂದೇ ಮುಗಿಯುತ್ತದೆ.

"ಅಲ್ಲೆ ಆ ಹಾಡು ಸುರು ಮಾಡಿದ್ರ ದೀಪಾನ ಆರಸ್ತಿದ್ರು" ಎಂದಳು. "ಕತ್ತಲದಾಗ ಹಾಡ್ತಿದ್ದೆ. ಕಡಿಗೆ ಯಾರೂ ಕರೀಲಿಲ್ಲ. ಇಲ್ಲಿಯವರು ಕರದ್ರು, ಒಂದು ತಿಂಗಳ ಸಲುವಾಗಿ ಬಂದೆ. ಚಪ್ಪಾಳಿ ಅಂದ್ರ ಚಪ್ಪಾಳಿ. ಇಲ್ಲೇ ಇದ್ದುಬಿಟ್ಟೆ. ಎಷ್ಟ ಹಾಡು ಕಟ್ಟೀನಿ ಖಾಸಿಂ, ಟ್ರಾಮಿನ ಮ್ಯಾಲ, ಮೀನದ ಮ್ಯಾಲ, ಒಬ್ಬ ಹುಚ್ಚ ಪೋಸ್ಟ್‌ಮನ್ನನ ಮ್ಯಾಲ. ಒಬ್ಬರೂ ಕೇಳೂದಿಲ್ಲ. ಅಲ್ಲೆ ಅದೊಂದನ್ನ ಹಾಡಬ್ಯಾಡ ಅಂದ್ರು. ಇಲ್ಲೆ ಅದೊಂದನ್ನ ಹಾಡು ಅಂದ್ರು."

ತಾಯಿ ಸತ್ತಾಗಲೂ ಆಕೆ ಹೋಗಲಿಲ್ಲ. ಹಾಡಿನಲ್ಲಿ ಮಾತು ಕೊಟ್ಟಿದ್ದಳಲ್ಲ.

ಈಗ ಊರಲ್ಲಿ ಉಳಿದವಳು ತಂಗಿ ಲೂಯೆಲ್ಲಾ ಒಬ್ಬಳೇ. ಪ್ರತಿ ಭಾನುವಾರ ಸಂಜೆ ಆಕೆಯ ಫೋನು ಬರುತ್ತಿತ್ತು. ಜನವರಿಯ ಒಂದು ಭಾನುವಾರ ನಾನು ಅಲ್ಲೇ ಇದ್ದೆ. ಮಾತು ಮುಗಿಸಿ ಒಡೆಸ್ಸಕ್ಕ ಬಹಳ ಹೊತ್ತು ಕಿಟಕಿಯ ಕಡೆ ನೋಡಿದಳು. ಕಿಟಕಿಯಲ್ಲಿ ನಾವಿಬ್ಬರೇ ಕಾಣುತ್ತಿದ್ದೆವು, ಹೊರಗೆ ಅಷ್ಟು ಕತ್ತಲೆ.

"ನನಗ ಮನಿಗೆ ಹೋಗಬೇಕನಸ್ತದ" ಎಂದಳು. "ಲೂಯೆಲ್ಲಾನ ಅಡಗಿಮನಿಯೊಳಗ ಕುಂದರಬೇಕು. ಆಕಿ ಬೈಯೂದು ಕೇಳಬೇಕು. ಇನ್ನೇನೂ ಬ್ಯಾಡ."

"ಹೋಗ್ರಿ ಮತ್ತ."

"ಹೆಂಗ ಹೋಗ್ಲಿ? ಬರೂದಿಲ್ಲ ಅಂತ ಅರವತ್ತು ವರ್ಷ ಹಾಡೀನಿ."

"ಹೆಸರು ಹೇಳೂತನಕ ಅಂತ ಹಾಡೀರಲ್ರಿ. ಅವರಿನ್ನೂ ಹೇಳಿಲ್ಲೇನು?"

ಆಕೆ ಎದ್ದು, ಗಾಲಿಯ ನಡಿಗೋಲು ತಳ್ಳುತ್ತ ಹೋಗಿ, ಫೋನಿನಲ್ಲಿ ಒಂದು ಪಟ ತಂದು ತೋರಿಸಿದಳು. ಇಟ್ಟಿಗೆಯ ಹೊಸ ಕಟ್ಟಡ, ಮುಂದೆ ದಪ್ಪಗಿನ ಹೆಂಗಸೊಬ್ಬಳು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಳು, ಲೂಯೆಲ್ಲಾ. ಬಾಗಿಲ ಮೇಲೆ ದೊಡ್ಡ ಅಕ್ಷರ. ನನಗೆ ಓದಲಾಗಲಿಲ್ಲ. ಆಕೆಯೇ ಬೆರಳಿಟ್ಟು ಓದಿದಳು. ವಿಲ್ಬರ್ಟ್ ಕಾಲ್ವರ್ಟ್ ಗ್ರಂಥಾಲಯ. ಅದನ್ನು ಕಟ್ಟಿ ಆಗಲೇ ಹತ್ತು ವರ್ಷ ದಾಟಿತ್ತು.

ನಮ್ಮಲ್ಲಿ ಮೊಹರಂ ಬಂದರೆ ಹರಕೆ ಹೊತ್ತವರು ಫಕೀರರಾಗುತ್ತಾರೆ. ಹಿಂದೂಗಳೂ ಆಗುತ್ತಾರೆ, ನಾವೂ ಆಗುತ್ತೇವೆ. ಕೊರಳಿಗೆ ಬಣ್ಣದ ನೂಲಿನ ಲಾಡಿ ಹಾಕಿಕೊಂಡು, ಚಪ್ಪಲಿ ಬಿಟ್ಟು, ಬೇಡಿ ಉಣ್ಣುವುದು. ಹತ್ತನೇ ದಿನ ಪಂಜಾ ದೇವರು ಮೆರವಣಿಗೆಯಲ್ಲಿ ಹೊಳೆಗೆ ಹೋದಾಗ ಲಾಡಿ ಇಳಿಸಬೇಕು. ಇಳಿಸದೆ ತಿರುಗಿದರೆ ಹಿರಿಯರು ಬೈಯುತ್ತಾರೆ, ಹರಕೆ ತೀರಿದ ಮೇಲೂ ಫಕೀರನಾಗಿರುವುದು ದೇವರಿಗೇ ತೀರಿದ ಸಾಲದ ಲೆಕ್ಕ ತೋರಿಸಿದ ಹಾಗೆ ಎಂದು. ನನ್ನ ಅಪ್ಪ ಅನ್ನುತ್ತಿದ್ದ ಮಾತು ಇದು. ಇದನ್ನೆಲ್ಲ ಆಕೆಗೆ ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ.

"ಇಳಸೂದು ಯಾರು? ತಾನ?" ಎಂದು ಕೇಳಿದಳು.

"ತಾನ ಇಳಸೂದಿಲ್ರಿ. ಬ್ಯಾರೆಯವರು ಇಳಸಬೇಕು."

"ಹೂಂ" ಎಂದಳು. "ನನ್ನ ಕೊಳ್ಳಾಗಿಂದು ಯಾರೂ ಇಳಸೂದಿಲ್ಲ. ಇವರಿಗೆ ಚಂದ ಕಾಣಸ್ತದ ಅದು."

ಅಂದಿನಿಂದ ಆ ಮಾತು ಮತ್ತೆ ಬರಲಿಲ್ಲ.

ಫೆಬ್ರುವರಿಯಲ್ಲಿ ಆಕೆಯ ಹುಟ್ಟಿದ ಹಬ್ಬ. ಪ್ರತಿವರ್ಷ ಆ ದಿನ ಊರಿನ ದೊಡ್ಡ ಸಭಾಗೃಹದಲ್ಲಿ ಬಳಗದವರು ಕಾರ್ಯಕ್ರಮ ಮಾಡುತ್ತಿದ್ದರು. ಈ ಸಲ ಎಂಬತ್ತೈದು ತುಂಬುವುದರಿಂದ ಧ್ವನಿ ಮುದ್ರಿಸಿ ಹೊರತರುವುದೆಂದು ತೀರ್ಮಾನವಾಗಿತ್ತು. ಇಬ್ಬರು ಗಟ್ಟಿಮುಟ್ಟಾದ ಹುಡುಗರು ಚಕ್ರದ ಕುರ್ಚಿಯಲ್ಲಿ ಕೂರಿಸಿ, ಎತ್ತಿಕೊಂಡು ಮೆಟ್ಟಿಲಿಳಿಸಿದರು. ಸಬ್ರೀನ್, ಮಾಜಿದ್, ನಾನು ಮೂವರೂ ಹೋದೆವು. ನಮಗೆ ಮುಂದಿನಿಂದ ಮೂರನೇ ಸಾಲು, ಒಡೆಸ್ಸಕ್ಕನೇ ಹೇಳಿ ಕೊಡಿಸಿದ್ದು.

ಹೊರಗೆ ಶಾಲೆಯ ಹುಡುಗಿಯರು ಆಕೆಯ ಮುಖ ಅಚ್ಚಾದ ಅಂಗಿ ತೊಟ್ಟು ನಿಂತಿದ್ದರು. ಅಂಗಿಯ ಮೇಲೆ ಏನು ಬರೆದಿದೆಯೆಂದು ಸಬ್ರೀನಳನ್ನು ಕೇಳಿದೆ.

"ನಾ ಬರೋದಿಲ್ಲ ಅಂತ."

ಆ ಸಭೆಯಂಥ ಮೌನ ನಾನು ಎಲ್ಲೂ ಕಂಡಿಲ್ಲ. ಸಾವಿರ ಜನ, ಒಂದು ಕೆಮ್ಮಿಲ್ಲ. ಒಡೆಸ್ಸಕ್ಕ ಕೆಂಪು ಬಟ್ಟೆ ಸುತ್ತಿಕೊಂಡು ಬೆಳಕಿನಲ್ಲಿ ಕುಳಿತಿದ್ದಳು. ಪಿಯಾನೋ, ಒಂದು ದೊಡ್ಡ ತಂತಿವಾದ್ಯ, ಒಬ್ಬ ತಾಳದವ. ಮುದಿ ದನಿ, ಆದರೆ ತಳದಲ್ಲಿ ಇನ್ನೂ ಕಾವಿತ್ತು. ಮೊದಲು ಬೇರೆಯವರ ಭಾಷಣಗಳಾದವು. ಆಮೇಲೆ ಆ ಹಾಡು. ಒಂದು ನುಡಿ ಆಯಿತು. ನಾ ಬರೋದಿಲ್ಲ. ಎರಡನೆಯದಾಯಿತು. ನಾ ಬರೋದಿಲ್ಲ. ಪ್ರತಿ ಸಲವೂ ಆ ಸಾಲನ್ನು ಎತ್ತರಕ್ಕೆ ಒಯ್ದು ಅಲ್ಲಿಯೇ ಬಿಟ್ಟುಬಿಡುತ್ತಿದ್ದಳು, ವಾದ್ಯಗಳೂ ನಿಲ್ಲುತ್ತಿದ್ದವು. ಜನ ಉಸಿರು ಹಿಡಿದು ಕೂರುತ್ತಿದ್ದರು.

ನಾನು ಹನ್ನೆರಡನೇ ವಯಸ್ಸಿನಿಂದ ನಮ್ಮೂರ ರಿವಾಯತ ಮೇಳದಲ್ಲಿ ಹಿಮ್ಮೇಳದವ. ಮೊಹರಮ್ಮಿನ ಪದಗಳವು, ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಹಾಡುವುದು. ಮುಂದೆ ಹಾಡುವವನು ಸೊಲ್ಲು ಎತ್ತಿ ಬಿಟ್ಟರೆ ಹಿಂದಿನವರು ಅದನ್ನು ನೆಲಕ್ಕೆ ಬೀಳಗೊಡಬಾರದು. ಯುದ್ಧಕ್ಕೆ ಹೊರಟವನ ಪದ ಒಂದಿದೆ. ಅವನು ತಿರುಗಿ "ಬರಲಾರೆ" ಎಂದಾಗ ನಾವು ಮನೆಯವರ ಪರವಾಗಿ "ಬಾ" ಎಂದು ಕರೆಯಬೇಕು. ಕರೆಯದಿದ್ದರೆ ಮುಂದಿನವನ ಉಸಿರು ಕಡಿಯುತ್ತದೆ, ಮನೆಗೂ ಒಳ್ಳೆಯದಲ್ಲ ಎಂದು ನಂಬಿಕೆ. ಅರವತ್ತು ಮೊಹರಂ ಹೀಗೇ ಕಳೆದಿದ್ದೇನೆ.

ಮೂರನೇ ನುಡಿಯಲ್ಲಿ ಆಕೆ ಅವ್ವನ ಅಡುಗೆಯ ಸಾಲು ಹಾಡಿ, ನಾ ಬರೋದಿಲ್ಲ ಎಂದು ಮೇಲೆ ಒಯ್ದು ಬಿಟ್ಟಳು. ನನ್ನ ಬಲಗೈ ಕಿವಿಯ ಮೇಲೆ ಹೋಗಿತ್ತು. ಕೈ ಹೋದದ್ದು ನನಗೆ ತಿಳಿಯಲಿಲ್ಲ.

"ಬಾರವ್ವಾ, ನೀ ಬಾ" ಎಂದು ಎತ್ತಿದೆ. ಬಯಲಿನಲ್ಲಿ, ಹಲಗೆ ಬಡಿತದ ಸದ್ದಿನ ಮೇಲೆ ಕೇಳಬೇಕಾದ ದನಿ ಅದು. ಆ ಮೌನದಲ್ಲಿ ಅದು ಛಾವಣಿಗೆ ಬಡಿದು ತಿರುಗಿ ಬಂತು.

ಸಬ್ರೀನ್ ನನ್ನ ತೋಳು ಹಿಡಿದು ಜಗ್ಗಿದಳು. ಮುಂದಿನ ಸಾಲಿನವರೆಲ್ಲ ಹೊರಳಿ ನೋಡಿದರು. ವೇದಿಕೆಯ ಮೇಲೆ ಒಡೆಸ್ಸಕ್ಕ ಕಣ್ಣಿನ ಮೇಲೆ ಕೈ ಅಡ್ಡ ಹಿಡಿದು ಬೆಳಕಿನ ಆಚೆ ಹುಡುಕಿದಳು. ಪಿಯಾನೋದವನು ನಾಲ್ಕನೇ ನುಡಿ ಸುರು ಮಾಡಿದ. ಆಕೆ ಹಾಡಲಿಲ್ಲ. ಅವನು ಮತ್ತೊಮ್ಮೆ ಸುರು ಮಾಡಿದ. ಆಕೆ ಬಾಯಿ ತೆರೆದಳು, ಮುಚ್ಚಿದಳು. ಸಾಲು ಮರೆತಿದ್ದಳು. ಕೊನೆಗೆ ವಾದ್ಯದವರೇ ಹೇಗೋ ಮುಗಿಸಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಕಾರಿನಲ್ಲಿ ಸಬ್ರೀನ್ ಅತ್ತಳು. "ಅಪ್ಪಾ, ಇದು ನಮ್ಮೂರ ಮೊಹರಮ್ಮಿನ ಅಲಾವಿ ಕುಣಿ ಅಲ್ಲ. ರೆಕಾರ್ಡಿಂಗ್ ಆಗ್ತಾ ಇತ್ತು. ನನ್ನ ಬಾಸ್ ಫ್ಯಾಮಿಲಿ ಸಮೇತ ಬಂದಿದ್ರು."

"ತಪ್ಪಾತವ್ವಾ."

"ಯಾಕೆ ಮಾಡಿದಿ ಅಂತ?"

"ಆಕಿ ಬಿಟ್ಟಳಲ್ಲ ಸೊಲ್ಲು" ಎಂದೆ.

ಮಾಜಿದ್ ಮೆಲ್ಲಗೆ, "ಹೋಗಲಿ ಬಿಡು, ಸುರ ಮಾತ್ರ ಚೆನ್ನಾಗಿತ್ತು" ಎಂದ. ಸಬ್ರೀನ್ ಅವನನ್ನೂ ಬೈದಳು.

ಮರುದಿನ ಮೇಲೆ ಹತ್ತಿ ಹೋದೆ. ಮೆಟ್ಟಿಲ ತುದಿಯಲ್ಲಿ ಕುರ್ಚಿ ಇರಲಿಲ್ಲ, ಬಾಗಿಲು ಹಾಕಿತ್ತು. ಗಂಟೆ ಒತ್ತಿದೆ. ಒಳಗಿನಿಂದಲೇ, "ಇವತ್ತ ಬ್ಯಾಡ" ಎಂದಳು. ಅದರ ಮರುದಿನವೂ ಅಷ್ಟೇ. "ಆ ಹಾಡು ಒಂದ ನನ್ನ ಕೈಯಾಗಿತ್ತು, ಅದನ್ನೂ ಮರಸಿದಿ" ಎಂದಳು. ಆಮೇಲೆ ನಾನು ಹೋಗಲಿಲ್ಲ. ನಮ್ಮ ಮನೆಯ ಛಾವಣಿಯ ಮೇಲೆ ಆಕೆಯ ನಡಿಗೋಲಿನ ಗಾಲಿ ಆಚೆಗೊಮ್ಮೆ ಈಚೆಗೊಮ್ಮೆ ಹೋಗುವುದು ಕೇಳುತ್ತಿತ್ತು. ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿತು. ದಿನವೆಲ್ಲ ನಾನೂ ನಮ್ಮ ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಕೋಣೆಗೆ.

ಮಾರ್ಚ್ ಕೊನೆಗೆ ಒಂದು ಮಧ್ಯಾಹ್ನ ಛಾವಣಿಯ ಮೇಲೆ ಕೋಲಿನಿಂದ ಕುಟ್ಟಿದ ಸದ್ದಾಯಿತು. ಮೇಲೆ ಹೋದರೆ ಬಾಗಿಲು ತೆರೆದಿತ್ತು.

"ಕುಂದರು. ಇದನ್ನ ಕೇಳು" ಎಂದಳು. ಮುದ್ರಿಸಿದ ಹಾಡನ್ನು ಲೆನ್ನಾರ್ಟ್ ತಂದುಕೊಟ್ಟಿದ್ದ. ಹಾಕಿದಳು. ಒಂದನೇ ನುಡಿ, ಎರಡನೇ ನುಡಿ, ಮೂರನೆಯದು. ನಾ ಬರೋದಿಲ್ಲ. ನಾನು ತಲೆ ತಗ್ಗಿಸಿ ಕಾದೆ. ನನ್ನ ದನಿ ಬರಲಿಲ್ಲ. ತಟ್ಟನೆ ನಾಲ್ಕನೇ ನುಡಿ ಬಂತು, ಅದರ ಬೆನ್ನಿಗೆ ಚಪ್ಪಾಳೆ. ಆ ದಿನ ಆಕೆ ಹಾಡದ ನುಡಿ ಅದು. ಹಿಂದೆ ಯಾವಾಗಲೋ ಮುದ್ರಿಸಿದ ಹಾಡಿನಿಂದ ತೆಗೆದು ಜೋಡಿಸಿದ್ದರಂತೆ.

"ಬಾ ಅಂದದ್ದು ಕತ್ತರಸ್ಯಾರ" ಎಂದಳು.

"ಚಲೋ ಆತಲ್ರಿ. ತಪ್ಪು ನಂದ."

"ನಾನ ಲೆನ್ನಾರ್ಟನಿಗೆ ಹೇಳಿದ್ದೆ, ಅದನ್ನ ಇರಗೊಡು ಅಂತ. ಅದು ಹಾಡಿನ ಭಾಗ ಅಲ್ಲ ಅಂದ." ಯಂತ್ರ ಆರಿಸಿದಳು. "ಖಾಸಿಂ, ಆ ದಿನ ಮನಿಗೆ ಬಂದು ಭಾಳ ಸಿಟ್ಟಾದೆ ನಿನ್ನ ಮ್ಯಾಲ. ಆಮ್ಯಾಲ ವಿಚಾರ ಮಾಡಿದೆ. ಅರವತ್ತು ವರ್ಷ ಊರೂರಾಗ ನಿಂತು ನಾ ಮನಿಗೆ ಹೋಗೂದಿಲ್ಲ ಅಂದೀನಿ. ಎಲ್ಲಾರೂ ಚಪ್ಪಾಳಿ ಹೊಡದ್ರು. ಒಬ್ಬರೂ ಬಾ ಅನಲಿಲ್ಲ."

ಚಹಾ ಮಾಡಲು ಎದ್ದೆ. ಆಕೆ ನನ್ನ ಎದುರಿಗೇ ತಂಗಿಗೆ ಫೋನು ಹಚ್ಚಿದಳು. ಅಲ್ಲಿ ಆಗ ಬೆಳಿಗ್ಗೆ. ದನಿ ಕೋಣೆಗೆಲ್ಲ ಕೇಳುವ ಹಾಗೆ ಇಟ್ಟಿದ್ದಳು.

"ಲೂಯೆಲ್ಲಾ, ನಾ ಬರಲೇನು?"

ಆಚೆ ಕಡೆಯಿಂದ ದಪ್ಪ ದನಿ. "ಬರಬ್ಯಾಡ ಅಂದವರು ಯಾರು ನಿನಗ? ನಿನ್ನ ಕೋಣಿಯೊಳಗ ಹೊಲಿಗಿ ಮಷಿನ್ ಇಟ್ಟೀನಿ. ಅದನ್ನ ತಗೀಬೇಕು ಈಗ. ಮದಲ ಹೇಳೂದಲ್ಲ? ನನ್ನ ನಡಾ ಏನು ಕಬ್ಬಣದ್ದೇನು?"

"ಯಾಕ, ನೀ ಯಾಕ ಎಂದೂ ಕರೀಲಿಲ್ಲ ನನ್ನ?"

"ಅಷ್ಟ ದೊಡ್ಡ ಹಾಡು ಕಟ್ಟೀದಿ. ನಡುವ ನಾ ಹೆಂಗ ಬಾಯಿ ಹಾಕ್ಲಿ?"

ಒಡೆಸ್ಸಕ್ಕ ಫೋನನ್ನು ಎದೆಗೆ ಒತ್ತಿಕೊಂಡು ನಕ್ಕಳೋ ಅತ್ತಳೋ ನನಗೆ ತಿಳಿಯಲಿಲ್ಲ. ನಾನು ಕಪ್ಪು ತೊಳೆಯುತ್ತಿದ್ದೆ.

ಸುಲಭವಾಗಿ ಬಿಡುವ ಮನೆಯಾಗಿರಲಿಲ್ಲ ಅದು. ಮೊದಲು ಡಾಕ್ಟರು, ಇಷ್ಟು ದೂರದ ವಿಮಾನ ಬೇಡವೆಂದರು. ಆಮೇಲೆ ಬಳಗದವರು ಒಬ್ಬೊಬ್ಬರಾಗಿ ಬಂದರು, ಬನ್ನು ತಂದರು, ಕೈ ಹಿಡಿದರು. ಬೇಸಿಗೆಯಲ್ಲಿ ಒಂದು ಬೀದಿಗೆ ಆಕೆಯ ಹೆಸರಿಡುವುದಿತ್ತು, ಅಷ್ಟರವರೆಗಾದರೂ ಇರಬೇಕೆಂದರು. ಕೊನೆಗೆ ಲೆನ್ನಾರ್ಟ್ ಒಬ್ಬನೇ ಬಂದ. ನಾನು ಏಳಹೋದೆ, ಒಡೆಸ್ಸಕ್ಕ ಕೂರು ಎಂದು ಕಣ್ಣಲ್ಲೇ ಹೇಳಿದಳು. ಅವನು ಬಹಳ ಹೊತ್ತು ಮಾತಾಡಿದ. ಅವನ ಕಣ್ಣುಗಳು ಕೆಂಪಾಗಿದ್ದವು. ಹದಿನಾರರ ಹರೆಯದಲ್ಲಿ ಆ ಹಾಡು ಕೇಳಿ ತಾನು ಮನುಷ್ಯನಾದೆ ಎಂದ.

"ನೀವು ಹೋದರೆ ಹಾಡು ಸುಳ್ಳಾಗುತ್ತದೆ" ಎಂದ.

"ಲೆನ್ನಾರ್ಟ್, ಹಾಡು ಇಲ್ಲೇ ಇರಲಿ" ಎಂದಳು ಒಡೆಸ್ಸಕ್ಕ. "ಮನಿ ಐತಿ, ಪಿಯಾನೋ ಐತಿ. ಚಂದಾಗಿ ನೋಡ್ಕೋ ಅದನ್ನ. ನಾ ಅಷ್ಟ ಹೋಗ್ತೀನಿ."

"ನಾನು ಜನರಿಗೆ ಏನು ಹೇಳಲಿ?"

"ಅವನ ಹೆಸರು ಹೇಳಿದ್ರು ಅಂತ ಹೇಳು. ಹತ್ತು ವರ್ಷದ ಹಿಂದನ ಹೇಳಿದ್ರು. ಪಟ ತೋರಿಸಿದ್ದೆ ನಿನಗ. ಭಾಳ ಚಲೋ ಸುದ್ದಿ ಅಂದು ಮತ್ತ ಅದ ಹಾಡು ಹಾಡಿಸಿದಿ."

ಅವನು ಕೈಯಲ್ಲಿದ್ದ ಟೋಪಿಯನ್ನು ತಿರುಗಿಸುತ್ತ ಕುಳಿತ. ಆದರೆ ವಿಮಾನದ ಟಿಕೆಟ್ಟು ತೆಗೆಸಿ, ದಾರಿಗೆ ಜೊತೆಯಾಗಿ ಒಬ್ಬ ನರ್ಸಮ್ಮನನ್ನು ಗೊತ್ತು ಮಾಡಿದವನೂ ಅವನೇ.

ಒಡೆಸ್ಸಕ್ಕ ಒಂದು ಸಣ್ಣ ಪೆಟ್ಟಿಗೆ ತುಂಬಿದಳು. ಅಂಕಿಯ ಚೀಟಿ ಇರುವ ಯಾವುದನ್ನೂ ತೆಗೆದುಕೊಳ್ಳಲಿಲ್ಲ. ಅಷ್ಟು ದೊಡ್ಡ ಮನೆಯಲ್ಲಿ ಚೀಟಿ ಇಲ್ಲದ ಸಾಮಾನು ಏನಿತ್ತೆಂದರೆ ಒಳಗಿನ ಬಟ್ಟೆ, ಔಷಧಿ, ಕನ್ನಡಕ, ಸೀರೆಯಷ್ಟು ಉದ್ದದ ನಾಲ್ಕು ತಲೆಬಟ್ಟೆಗಳು. ದಾರಿಯಲ್ಲಿ ಸೊಂಟಕ್ಕೆ ಇರಲೆಂದು ನಾನು ಮಾಜಿದ್‌ನಿಂದ ಹತ್ತಿ ತರಿಸಿ ಒಂದು ಗಿಡ್ಡ ದಿಂಬು ಹೊಲಿದುಕೊಟ್ಟೆ. ಹಿಚುಕಿ ನೋಡಿ, "ಇದಕ್ಕ ನಂಬರ್ ಎಷ್ಟು?" ಎಂದಳು.

"ಹಚ್ಚಿಲ್ರಿ ಇನ್ನೂ."

"ಹಚ್ಚಬ್ಯಾಡ."

ಏಪ್ರಿಲ್ ಮುಗಿಯುವ ಹೊತ್ತಿಗೆ ಹೊರಗೆ ಬರ್ಫು ಕರಗಿ ಕಸ ಕಾಣತೊಡಗಿತ್ತು. ಸಂಜೆ ಎಂಟಕ್ಕೂ ಬೆಳಕು. ಸಬ್ರೀನ್ ನನಗೆ ಕೀಲಿಕೈ ಕೊಟ್ಟು, ಅಂಗಳದ ತನಕ ಹೋಗಬಹುದು ಎಂದಳು. ನನ್ನ ಅಪ್ಪಣೆಯ ಉತ್ತರ ಮಾತ್ರ ಬಂದಿರಲಿಲ್ಲ. ಮಾಜಿದ್ ದಿನಾ ಫೋನಿನಲ್ಲಿ ನೋಡುತ್ತಿದ್ದ. ಇನ್ನೂ ವಿಚಾರಣೆಯಲ್ಲಿದೆ ಎಂದಷ್ಟೇ ಬರುತ್ತಿತ್ತು.

ಹೊರಡುವ ದಿನ ಬೆಳಿಗ್ಗೆ ಅದೇ ಇಬ್ಬರು ಹುಡುಗರು ಬಂದು ಕುರ್ಚಿ ಎತ್ತಿದರು. ನಾನು ದಿಂಬು ಹಿಡಿದು ಹಿಂದೆ ಇಳಿದೆ. ಎರಡನೇ ಅಂತಸ್ತಿನ ತಿರುವಿನಲ್ಲಿ ಕುರ್ಚಿಯ ಗಾಲಿ ಕಟಾಂಜನದ ಸರಳಿಗೆ ಸಿಕ್ಕಿಕೊಂಡಿತು. ಹುಡುಗರು ಸ್ವೀಡಿಷಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ ಹಿಂದಕ್ಕೆ ಎಳೆದರು, ಮುಂದಕ್ಕೆ ತಳ್ಳಿದರು.

"ಇಲ್ಲೇ ಇಡ್ತಾರೇನು ನನ್ನ?" ಎಂದಳು ನನಗೆ.

"ಇಲ್ರಿ" ಎಂದು ಬಗ್ಗಿ ಗಾಲಿ ಬಿಡಿಸಿದೆ. ಕೈಗೆ ಗ್ರೀಸು ಹತ್ತಿತು.

ಅಂಗಳದಲ್ಲಿ ಟ್ಯಾಕ್ಸಿ ನಿಂತಿತ್ತು. ಲೆನ್ನಾರ್ಟ್ ಹೂವು ತಂದಿದ್ದ. ನರ್ಸಮ್ಮ ಆಕೆಯನ್ನು ಒಳಗೆ ಕೂರಿಸಿ ಸೀಟಿನ ಪಟ್ಟಿ ಕಟ್ಟಿದಳು. ಒಡೆಸ್ಸಕ್ಕ ಗಾಜು ಇಳಿಸಿ ನನ್ನ ಕೈ ಹಿಡಿದಳು, ಗ್ರೀಸಿನ ಕೈಯನ್ನೇ.

"ನಿನಗ ಯಾರು ಬಾ ಅಂತಾರ, ಖಾಸಿಂ?" ಎಂದು ಕೇಳಿದಳು.

ನಾನು ಯೋಚಿಸುತ್ತಿದ್ದೆ. ಟ್ಯಾಕ್ಸಿಯವನಿಗೆ ಹೊತ್ತಾಗಿತ್ತು. ಗಾಜು ಏರಿತು.

ಕಾರು ತಿರುವು ದಾಟಿದ ಮೇಲೆ ಲೆನ್ನಾರ್ಟ್ ಮೇಲೆ ಹೋದ. ಸಂಜೆ ಸಬ್ರೀನ್ ಬಂದಾಗ ಮೇಲಿನ ಮನೆಯ ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು. ವಾರಕ್ಕೆ ಎರಡು ದಿನ ಜನರಿಗೆ ತೋರಿಸುತ್ತಾರಂತೆ, ಹೋಗಿ ನೋಡಿ ಬಾ ಎಂದಳು. ನಾನು ಹೋಗಲಿಲ್ಲ. ಛಾವಣಿಯ ಮೇಲೆ ಈಗ ಸದ್ದಿಲ್ಲ.

ಒಡೆಸ್ಸಕ್ಕ ತನ್ನ ಊರಿಗೆ ಹೊರಟದ್ದು ಮೇ ತಿಂಗಳ ಮೊದಲ ಬುಧವಾರ.